ಒಲೆ ಬಾಯಿಯ ಮುಯ್ಯಿ

ಡಾಂಬರು ಹಾಸುವ ಪೇವರ್ ಯಂತ್ರದ ಹಿಂಬದಿಯಲ್ಲಿ ಅಗಲವಾದ ಕಬ್ಬಿಣದ ತಟ್ಟೆಯೊಂದು ಇರುತ್ತದೆ. ಅದಕ್ಕೆ ಸ್ಕ್ರೀಡ್ ಎನ್ನುತ್ತಾರೆ. ಟಿಪ್ಪರ್ ಸುರಿದ ಬಿಸಿ ಮಿಶ್ರಣ ಯಂತ್ರದ ಹೊಟ್ಟೆಯೊಳಗಿಂದ ಬಂದು ಈ ತಟ್ಟೆಯ ಕೆಳಗೆ ಸಮನಾಗಿ ಹಾಸಿಕೊಳ್ಳುತ್ತದೆ. ತಟ್ಟೆಯನ್ನೂ ಕಾಯಿಸಿರುತ್ತಾರೆ, ಮಿಶ್ರಣವಂತೂ ನೂರೈವತ್ತು ಡಿಗ್ರಿಯ ಆಸುಪಾಸು. ಅದರ ಎರಡೂ ಮಗ್ಗುಲಲ್ಲಿ ಒಬ್ಬೊಬ್ಬರು ಉದ್ದ ಹಿಡಿಕೆಯ ಹಲ್ಲುಗೋರೆ, ಅಂದರೆ ರೇಕು, ಹಿಡಿದು, ಅಂಚು ಸರಿಮಾಡುತ್ತ, ಯಂತ್ರದ ಜೊತೆಜೊತೆಗೇ ನಡೆಯಬೇಕು. ಮೇಲೆ ಬಿಸಿಲು, ಕೆಳಗೆ ಡಾಂಬರು, ಮುಖಕ್ಕೆ ಹೊಗೆ. ನಮ್ಮ ತಂಡದವರು ಆ ಜಾಗವನ್ನು ಒಲೆ ಬಾಯಿ ಎಂದು ಕರೆಯುತ್ತಿದ್ದರು.

ತರೀಕೆರೆಯಿಂದ ಅಜ್ಜಂಪುರದ ಕಡೆ ಹೋಗುವ ರಸ್ತೆಗೆ ಹೊಸ ಪದರ ಹಾಕುವ ಕೆಲಸದಲ್ಲಿ ನಾನು ಗುತ್ತಿಗೆದಾರರ ಕಡೆಯ ಸೇಫ್ಟಿ ಸೂಪರ್‌ವೈಸರ್. ದಿನಾ ಕಡೂರಿನಿಂದ ಬಂದು ಹೋಗುತ್ತಿದ್ದೆ. ಸೇಫ್ಟಿ ಮೇಡಂ ಎಂದರೆ ಹೆಲ್ಮೆಟ್ ಹಾಕದವರನ್ನು ಬೈಯುವುದಕ್ಕೆ ಸಂಬಳ ಎಣಿಸುವ ಹೆಂಗಸು ಎಂದು ಸೈಟಿನವರ ಅಭಿಪ್ರಾಯ. ನಾನೂ ಅದನ್ನು ಸುಳ್ಳು ಮಾಡಲು ಹೋಗಿರಲಿಲ್ಲ, ಚೆನ್ನಾಗಿಯೇ ಬೈಯುತ್ತಿದ್ದೆ.

ಏಪ್ರಿಲ್‌ನಲ್ಲಿ ಒಂದು ದಿನ, ಊಟದ ಹೊತ್ತಿಗೆ ಸ್ವಲ್ಪ ಮುಂಚೆ, ಎಡಮಗ್ಗುಲ ರೇಕಿನವನು ಒಂದೇ ಜಾಗವನ್ನು ಮತ್ತೆ ಮತ್ತೆ ಎಳೆಯುತ್ತ ನಿಂತುಬಿಟ್ಟಿದ್ದ. ಯಂತ್ರ ನಾಲ್ಕು ಮಾರು ಮುಂದಕ್ಕೆ ಹೋಗಿತ್ತು. ಪಂಚನಹಳ್ಳಿ ಕಡೆಯವನು, ಮೂವತ್ತರ ಒಳಗಿನ ವಯಸ್ಸು, ತಂಡದಲ್ಲೇ ಗಟ್ಟಿ ಆಳು.

“ಲೇ, ಅಲ್ಲೇನ್ ರಂಗೋಲಿ ಬಿಡ್ತಿದೀಯೇನೋ?” ಎಂದು ಮೇಸ್ತ್ರಿ ಕೂಗಿದರು. ಎಲ್ಲರೂ ನಕ್ಕರು.

“ದನ ಹೊಡ್ಕಂಡ್ ಬತ್ತೀನಿ, ಇರಣ್ಣ,” ಎಂದ ಅವನು. ಅದಕ್ಕೂ ಒಂದಿಬ್ಬರು ನಕ್ಕರು. ನನಗೆ ನಗು ಬರಲಿಲ್ಲ. ಅವನ ಕಣ್ಣು ಯಾರ ಮೇಲೂ ನಿಂತಿರಲಿಲ್ಲ. ನಾನು ಹತ್ತಿರ ಹೋಗುವಷ್ಟರಲ್ಲಿ ರೇಕು ಬಿಟ್ಟು ಹಿಂದಕ್ಕೆ ಕುಸಿದ. ಮುಂದಕ್ಕೆ ಬಿದ್ದಿದ್ದರೆ ಹಸಿ ಡಾಂಬರಿನ ಮೇಲೆ ಬೀಳುತ್ತಿದ್ದ.

ಆಮೇಲೆ ಆದದ್ದು ಗದ್ದಲ. ಒಬ್ಬ ಫಿಟ್ಸು ಎಂದು ಅವನ ಕೈಗೆ ಬೈಕಿನ ಕೀ ತುರುಕಿದ. ಇನ್ನೊಬ್ಬ ಬಾಯಿಗೆ ನೀರು ಬಿಡಲು ಬಂದ. ಎಚ್ಚರ ಇಲ್ಲದವನ ಬಾಯಿಗೆ ನೀರು ಬಿಟ್ಟರೆ ಅದು ಶ್ವಾಸಕ್ಕೆ ಹೋಗುತ್ತದೆ, ಅವನನ್ನು ಗದರಿ ಕಳಿಸಿದೆ. ಮೈ ಮುಟ್ಟಿದರೆ ಸುಡುತ್ತಿತ್ತು. ರೋಲರ್ ಚಕ್ರಕ್ಕೆ ಡಾಂಬರು ಅಂಟದಿರಲು ನೀರು ಬಿಡುವ ಟ್ಯಾಂಕು ರೋಲರ್‌ನಲ್ಲೇ ಇರುತ್ತದೆ. ರೋಲರ್ ಆಪರೇಟರ್ ತರೀಕೆರೆಯ ಸಾಬರು, ಮಾತು ಕಡಿಮೆ. ನಾನು ಬಾಯಿ ತೆರೆಯುವುದರೊಳಗೆ ಪೈಪು ಎಳೆದುಕೊಂಡು ಬಂದಿದ್ದರು. ಶರ್ಟು, ಜಾಕೆಟ್ಟು, ಬೂಟು ಬಿಚ್ಚಿ, ಹೊಂಗೆ ಮರದ ನೆರಳಿಗೆ ಎಳೆದು, ನೀರು ಹರಿಸುತ್ತ ಪ್ಲೈವುಡ್ ತುಂಡಿನಲ್ಲಿ ಗಾಳಿ ಹಾಕಿದೆವು. ಆಂಬುಲೆನ್ಸ್ ಬರುವ ತನಕ ಅದನ್ನು ನಿಲ್ಲಿಸಲಿಲ್ಲ. ಮೊದಲು ತಣಿಸು, ಆಮೇಲೆ ಸಾಗಿಸು ಎಂದು ತರಬೇತಿಯಲ್ಲಿ ಕೇಳಿದ್ದು ಅಷ್ಟೇ ನನ್ನ ತಲೆಯಲ್ಲಿತ್ತು.

ತಾಲ್ಲೂಕು ಆಸ್ಪತ್ರೆಯ ವೈದ್ಯರು ಅವನನ್ನು ನೋಡಿ ಶಿವಮೊಗ್ಗಕ್ಕೆ ಕಳಿಸುವ ಏರ್ಪಾಟು ಮಾಡುತ್ತಲೇ ನನ್ನನ್ನು ಕೇಳಿದರು: “ಹೊಸಬನೇನ್ರೀ?”

“ಇಲ್ಲ ಸಾರ್, ಇದೇ ಕೆಲಸದಲ್ಲಿ ವರ್ಷಗಟ್ಟಲೆ ಪಳಗಿದವನು.”

“ಹಂಗಾದ್ರೆ ರಜೆ ಮುಗಿಸಿ ಬಂದಿದ್ನಾ?”

ಹೌದು. ತಮ್ಮನ ಮದುವೆಗೆಂದು ಹೋಗಿದ್ದವನು ಅವತ್ತೇ ಬೆಳಿಗ್ಗೆ ಬಂದಿದ್ದ. ಕಾವಿಗೆ ಮೈ ಒಗ್ಗಿಕೊಳ್ಳಲು ವಾರದ ಮೇಲೆ ಬೇಕು, ನೆರಳಲ್ಲಿ ಕೂತರೆ ಅಷ್ಟೇ ಬೇಗ ಮರೆತುಬಿಡುತ್ತದೆ ಎಂದು ಅವರು ವಿವರಿಸಿದರು. ಅದು ನನಗೂ ಗೊತ್ತಿದ್ದ ಸಂಗತಿ. ಆದರೆ ನಾನು ಹೊಸಬರನ್ನು ಮಾತ್ರ ಹುಷಾರಾಗಿ ನೋಡಿಕೊಳ್ಳುತ್ತಿದ್ದೆ, ಹಳಬರ ಮೇಲೆ ಕಣ್ಣಿರಲಿಲ್ಲ.

ಅವನ ಜೀವ ಉಳಿಯಿತು. ಮೂತ್ರಪಿಂಡಕ್ಕೆ ಪೆಟ್ಟಾಗಿತ್ತು, ಆಸ್ಪತ್ರೆಯಲ್ಲೇ ಇರಬೇಕಾಯಿತು. ಸೈಟಿನಲ್ಲಿ ಮಾತ್ರ ಕಾರಣ ಆಗಲೇ ಸಿಕ್ಕಿತ್ತು. “ಮದ್ವೆ ಮನೇಲಿ ಕುಡ್ದಿರ್ತಾನೆ ಬಿಡಿ ಮೇಡಮ್ಮೋರೆ,” ಎಂದು ಎಲ್ಲರೂ ಸಮಾಧಾನ ಮಾಡಿಕೊಂಡರು.

ನಾನು ನನ್ನ ಸಾಮಾನು ತರಿಸಿದೆ. ಕಪ್ಪು ಗುಂಡಿನ ಮೀಟರ್ ಬಂತು. ಬಿಸಿಲು, ಗಾಳಿ, ತೇವ ಮೂರನ್ನೂ ಸೇರಿಸಿ ಒಂದು ಅಂಕಿ ತೋರಿಸುವ ಯಂತ್ರ ಅದು. ಅಂಕಿ ಏರಿದಷ್ಟೂ ಕೆಲಸ ಕಡಿಮೆ, ವಿಶ್ರಾಂತಿ ಜಾಸ್ತಿ. ಕಾಗದದ ಮೇಲೆ ಇದು ಬಹಳ ಸೊಗಸು. ರಸ್ತೆಯ ಮೇಲೆ ಟಿಪ್ಪರ್ ಬಂದು ನಿಂತಿರುತ್ತದೆ, ಮಿಶ್ರಣ ತಣಿಯುತ್ತಿರುತ್ತದೆ, ತಣಿದದ್ದರ ಮೇಲೆ ರೋಲರ್ ಎಷ್ಟು ಓಡಿದರೂ ಅದು ಕೂರುವುದಿಲ್ಲ. ಹಾಸುವುದನ್ನು ನಡುವೆ ನಿಲ್ಲಿಸಿದರೆ ಅಲ್ಲೊಂದು ಏಣು ಬಿದ್ದು ರಸ್ತೆ ಕೆಡುತ್ತದೆ. ಹಾಗಾಗಿ ಗಡಿಯಾರ ನೋಡಿ ವಿಶ್ರಾಂತಿ ಕೊಡುವುದು ಆಗದ ಮಾತು. ಒಂದು ಟಿಪ್ಪರ್ ಖಾಲಿಯಾಗಿ ಇನ್ನೊಂದು ಹಿಮ್ಮುಖವಾಗಿ ಬಂದು ಪೇವರ್‌ಗೆ ತಾಗುವ ನಡುವೆ ಒಲೆ ಬಾಯಿಯ ಇಬ್ಬರನ್ನೂ ಬದಲಾಯಿಸುವುದು ಎಂದು ಗೊತ್ತುಮಾಡಿದೆವು. ಕಟ್ಟಿ ಬಿಚ್ಚುವ ನೆರಳಿನ ಟಾರ್ಪಾಲು ನಮ್ಮ ಹಿಂದೆಯೇ ಬರುತ್ತಿತ್ತು.

ಓಆರ್‌ಎಸ್ ಪುಡಿ ಕರಗಿಸಿ ಕ್ಯಾನಿನಲ್ಲಿ ಇಟ್ಟರೆ ಒಬ್ಬನೂ ಮುಟ್ಟಲಿಲ್ಲ. “ಇದು ಭೇದಿ ಆದೋರ್ ಕುಡಿಯೋದಲ್ವಾ?” ಎಂದು ಪೇವರ್ ಆಪರೇಟರ್ ಮೂಗು ಮುರಿದ. ಅಲ್ಲಿಗೆ ಅದರ ಕಥೆ ಮುಗಿಯಿತು. ಮರುದಿನ ಪಕ್ಕದ ಹಳ್ಳಿಯ ಒಬ್ಬ ಹೆಂಗಸಿಗೆ ಹೇಳಿ ಉಪ್ಪು ಮುಂದಾಗಿ ಹಾಕಿದ ನೀರುಮಜ್ಜಿಗೆ ಮಾಡಿಸಿದೆ. ಕೊಡ ಖಾಲಿಯಾಗಿ ಎರಡನೆಯದಕ್ಕೆ ಜಗಳ ಬಿತ್ತು.

ಇಷ್ಟರ ಜೊತೆಗೆ ಒಂದು ನಿಯಮ: ರಜೆ ಮುಗಿಸಿ ಬಂದವರಿಗೆ ಒಂದು ವಾರ ಒಲೆ ಬಾಯಿ ಇಲ್ಲ. ಛತ್ರಿ ಕೆಳಗೆ ನಿಂತು ಬಾವುಟ ಹಿಡಿದು ವಾಹನ ಬಿಡುವುದು, ತಡೆಯುವುದು, ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪ ರೇಕು. ಬೆಳಗಿನ ಸಭೆಯಲ್ಲಿ ಇದನ್ನು ಹೇಳಿದಾಗ ಎಲ್ಲರೂ ತಲೆ ಆಡಿಸಿದರು. ಅಷ್ಟು ಸಲೀಸಾಗಿ ಒಪ್ಪಿದ್ದು ನೋಡಿಯಾದರೂ ನನಗೆ ಅನುಮಾನ ಬರಬೇಕಿತ್ತು.

ಮುಂದಿನ ವಾರ ಬಾವುಟದ ಹತ್ತಿರ ಇರಬೇಕಾದವನು ಒಲೆ ಬಾಯಿಯ ಪಕ್ಕದ ಚರಂಡಿಯಲ್ಲಿ ಕೂತು ವಾಂತಿ ಮಾಡುತ್ತಿದ್ದ. ಅಪ್ಪನ ತಿಥಿ ಮುಗಿಸಿ ಬಂದವನು. ಕಾಲಿನ ಮೀನಖಂಡ ಗಂಟು ಕಟ್ಟಿಕೊಂಡು ಮುಲುಗುತ್ತಿದ್ದ. ನಾನು ಟಿಪ್ಪರ್ ತೂಕದ ಚೀಟಿ ನೋಡಲು ಆ ಕಡೆ ಹೋದ ಕೂಡಲೇ ಜಾಗ ಅದಲುಬದಲು ಮಾಡಿಕೊಂಡಿದ್ದರು. ನಾನು ಪೇವರ್ ನಿಲ್ಲಿಸು ಎಂದೆ. ಆಪರೇಟರ್ ಮೇಸ್ತ್ರಿಯ ಮುಖ ನೋಡಿದ. ನಾನು ನೇರವಾಗಿ ಯಂತ್ರದ ಮುಂದೆ ಹೋಗಿ ನಿಂತೆ. ನಿಲ್ಲಿಸಿದ.

ಅವನನ್ನು ತಣಿಸಿ, ಸುಧಾರಿಸಿ, ಮನೆಗೆ ಕಳಿಸುವಷ್ಟರಲ್ಲಿ ಕಾದು ನಿಂತಿದ್ದ ಟಿಪ್ಪರ್‌ನ ಮಾಲು ತಣ್ಣಗಾಗಿ ಪಕ್ಕಕ್ಕೆ ಸುರಿಯಬೇಕಾಯಿತು. ಪ್ರಾಜೆಕ್ಟ್ ಮ್ಯಾನೇಜರ್ ಜೀಪಿನಲ್ಲಿ ಬಂದರು. “ನಿಮ್ಮ ಮೀಟರ್‌ನಲ್ಲಿ ನನ್ನ ತಲೆ ಬಿಸಿಯನ್ನೂ ಸ್ವಲ್ಪ ಅಳೀರಿ ಮೇಡಂ,” ಎಂದರು. ಇನ್ನೊಮ್ಮೆ ಯಂತ್ರ ನಿಲ್ಲಿಸುವ ಮುಂಚೆ ತಮ್ಮನ್ನು ಕೇಳಬೇಕಂತೆ. ಕೇಳುವ ಹೊತ್ತಿಗೆ ಹೆಣ ಬಿದ್ದಿರುತ್ತೆ ಸಾರ್ ಎಂದೆ. ಅವರು ಜೀಪು ಹತ್ತಿ ಹೊರಟರು. ನನ್ನ ಕೆಲಸ ಹೋಗಬಹುದು ಅನಿಸಿತು.

ಸಂಜೆ ಮೇಸ್ತ್ರಿಯನ್ನು ಕೂರಿಸಿಕೊಂಡು ಕೇಳಿದೆ. ಐವತ್ತು ದಾಟಿದವರು, ಸಖರಾಯಪಟ್ಟಣದವರು. ತಂಡ ಕಟ್ಟಿದ್ದೇ ಅವರು, ಅವರ ಮಾತಿಗೆ ಎದುರಿಲ್ಲ. ಅವರು ಮುಚ್ಚುಮರೆ ಮಾಡಲಿಲ್ಲ.

“ನೋಡಿ ಮೇಡಮ್ಮೋರೆ, ಒಬ್ಬ ರಜ ಹಾಕುದ್ರೆ ಅವ್ನ್ ಪಾಲಿನ ಒಲೆ ಬಾಯಿ ಮಿಕ್ದೋರು ನಿಂತಿರ್ತಾರೆ. ವಾಪಸ್ ಬಂದ್ ತಕ್ಷಣ ಅವ್ನು ಅಷ್ಟೂ ನಿಂತು ತೀರುಸ್ಬೇಕು. ಅದು ಮುಯ್ಯಿ. ನಮ್ಮಲ್ಲಿ ಮೊದ್ಲಿಂದ್ಲೂ ಹಂಗೇ. ಯಾರ್ಗೂ ಅನ್ಯಾಯ ಆಗ್ಬಾರ್ದು.”

ಆಗ ಎಲ್ಲವೂ ಬಿಡಿಸಿಕೊಂಡಿತು. ತಂಡದಲ್ಲಿ ಕಾವಿನ ರೂಢಿ ತಪ್ಪಿದ ಮೈ ಯಾವುದೋ, ಅದನ್ನೇ ಹುಡುಕಿ, ಅತಿ ಕಾವಿನ ಜಾಗದಲ್ಲಿ, ಎಲ್ಲರಿಗಿಂತ ಹೆಚ್ಚು ಹೊತ್ತು ನಿಲ್ಲಿಸುತ್ತಿದ್ದರು. ಅದೂ ನ್ಯಾಯಕ್ಕಾಗಿ. ಸೋಮಾರಿತನವೋ ಮೋಸವೋ ಆಗಿದ್ದರೆ ಬೈದು ಬಿಡಿಸಬಹುದಿತ್ತು.

“ನಾನು ನಿಯಮ ಹೇಳಿದೆನಲ್ಲ?”

“ಹೇಳುದ್ರಿ. ಆದ್ರೆ ಛತ್ರಿ ಕೆಳಗೆ ಬಾವುಟ ಹಿಡ್ಕಂಡು ನಿಂತೋನ್ನ ಇವ್ರು ಅಳಿಯಂದ್ರು ಅಂತ ಕರೀತಾರೆ. ಮಾನ ಇರೋನು ಎಂಗ್ ನಿಂತ್ಕಂತಾನೆ?” ಎಂದರು. ಸ್ವಲ್ಪ ತಡೆದು, “ನಾನೂ ಮಗಳ ಮದ್ವೆಗೆ ಹೊಂಟಿದೀನಿ. ಬೀಗರೂಟ ಮುಗ್ಸಿ ಬಂದ್ ದಿನ ನಾನೂ ನಿಲ್ತೀನಿ. ನಂಗೊಂದು ಹುಡುಗ್ರಿಗೊಂದು ಮಾಡಾಕಾಯ್ತದಾ?” ಎಂದರು.

ಅವರಿಗೆ ಬಿಪಿ ಇತ್ತು. ಮಾತ್ರೆಯನ್ನು ಊಟದ ಡಬ್ಬಿಯಲ್ಲೇ ಇಟ್ಟುಕೊಂಡು ಬರುತ್ತಿದ್ದರು. ಮದುವೆ ಓಡಾಟ, ನಿದ್ದೆಗೆಟ್ಟ ಮೈ, ಮೇ ತಿಂಗಳ ಬಿಸಿಲು. ಗಟ್ಟಿ ಆಳು ಉಳಿದುಕೊಂಡ, ಇವರು ಉಳಿಯುವುದಿಲ್ಲ ಎಂದು ನನಗೆ ಖಾತ್ರಿಯಾಯಿತು. ನಿಜವಾಗಿಯೂ ಹೆದರಿಕೆಯಾಯಿತು.

ಮದುವೆ ಭಾನುವಾರ. ಸಖರಾಯಪಟ್ಟಣದ ಛತ್ರದಲ್ಲಿ ತಂಡಕ್ಕೆ ತಂಡವೇ ನೆರೆದಿತ್ತು. ಇಸ್ತ್ರಿ ಮಾಡಿದ ಬಿಳಿ ಶರ್ಟಿನಲ್ಲಿ ಅವರನ್ನು ಗುರುತು ಹಿಡಿಯುವುದೇ ಕಷ್ಟವಾಯಿತು. ಪಂಚನಹಳ್ಳಿಯ ರೇಕಿನವನೂ ಬಂದಿದ್ದ. ಆಸ್ಪತ್ರೆಯಿಂದ ಬಿಟ್ಟು ಸ್ವಲ್ಪ ದಿನವಾಗಿತ್ತು. ಶರ್ಟಿನ ಕೊರಳ ಪಟ್ಟಿ ಸಡಿಲವಾಗಿ ಜೋತುಬಿದ್ದಿತ್ತು. ಊಟದ ಸಾಲಿನಲ್ಲಿ ತಂಡದವರ ಜೊತೆ ಕೂರದೆ ಕಂಬದ ಪಕ್ಕ ನಿಂತಿದ್ದ.

“ಗುರುವಾರ ಮೇಸ್ತ್ರಿ ಬತ್ತಾರಲ್ಲ, ನಾನೂ ಬತ್ತೀನಿ ಮೇಡಂ,” ಎಂದ.

“ಡಾಕ್ಟ್ರು ಏನಂದ್ರು?”

“ಹಗುರ ಕೆಲ್ಸ ಮಾಡ್ಬೌದು ಅಂದವ್ರೆ. ಬಿಸ್ಲಲ್ಲಿ ಜಾಸ್ತಿ ನಿಲ್ಬ್ಯಾಡ ಅಂತ.”

“ಮತ್ತೆ ಬಂದು ಏನ್ ಮಾಡ್ತೀಯ?”

“ನನ್ ಪಾಲು ಇಷ್ಟು ದಿನ ಇವ್ರೇ ನಿಂತವ್ರೆ. ಒಂದು ಪಂಕ್ತೀಲಿ ಕೂತ್ಕಂಡು ಅವ್ರ ಮಖ ನೋಡಾಕ್ ಆಯ್ತಿಲ್ಲ ನಂಗೆ. ಮೇಸ್ತ್ರಿ ಜತೇಲಿ ನಿಂತು ತೀರಿಸ್ಬುಡ್ತೀನಿ.”

ಬೈಯಬೇಕು ಅನಿಸಿತು, ಮದುವೆ ಮನೆ ಎಂದು ನುಂಗಿಕೊಂಡೆ. ನಾನು ತಂದಿದ್ದ ಸ್ಟೀಲ್ ಡಬ್ಬಿಗಳ ಸೆಟ್ಟನ್ನು ಕೊಡಲು ಮೇಸ್ತ್ರಿಯ ಹೆಂಡತಿಯ ಹತ್ತಿರ ಹೋದೆ. ಆ ಗಲಾಟೆಯಲ್ಲೂ ಅವರು ನನ್ನ ಕೈ ಹಿಡಿದು ಕೂರಿಸಿಕೊಂಡರು.

“ಇದೆಲ್ಲಾ ಯಾಕ್ ತರಾಕೋದ್ರಿ ಮೇಡಮ್ಮ? ಇರ್ಲಿ, ನಿಮ್ ಮದ್ವೇಲಿ ನಾವೂ ತಂದು ಮುಯ್ಯಿ ಮಾಡ್ತೀವಿ.”

ಬೆಳಗಿನಿಂದ ನನ್ನ ಮದುವೆಯ ಬಗ್ಗೆ ಅದು ಎಷ್ಟನೆಯ ವಿಚಾರಣೆಯೋ. ರೇಗಿಹೋಗಿತ್ತು. “ನನ್ನ ಮದುವೆ ಕಾಯ್ತಾ ಕೂತ್ರೆ ಸ್ಟೀಲಿಗೂ ತುಕ್ಕು ಹಿಡಿಯುತ್ತೆ. ನಾಳೆನೇ ವಾಪಸ್ ಕೊಟ್ಟು ತೀರಿಸ್ಬಿಡಿ,” ಎಂದೆ.

ಅವರ ಮುಖ ಸಪ್ಪಗಾಯಿತು. “ಬಿಡ್ತು ಅನ್ನಿ. ನಾಳೀಕೇ ವಾಪಸ್ ಕೊಡಾಕೆ ನಾವೇನ್ ನಿಮ್ ಸವಾಸ ಬ್ಯಾಡ ಅಂದ್ವಾ? ನಿಮ್ಮನೇಲಿ ಕಾರ್ಯ ಆದಾಗ ಬತ್ತದೆ. ಅಲ್ಲೀಗಂಟ ಅದು ನಮ್ ತಾವೇ ಇರ್ಬೇಕು. ಮುಯ್ಯಿ ಅಂದ್ರೆ ಅದೇಯ.”

ಪಾಯಸದ ಲೋಟ ನನ್ನ ಕೈಯಲ್ಲೇ ಉಳಿಯಿತು. ಆಕೆ ಯಾರನ್ನೋ ಮಾತಾಡಿಸಲು ಎದ್ದುಹೋದರು. ನಾನೂ ಇದೇ ಸೀಮೆಯಲ್ಲಿ ಹುಟ್ಟಿ ಬೆಳೆದವಳು. ಮುಯ್ಯಿಯನ್ನು ಮಾರನೆಯ ದಿನವೇ ಹಿಂದಿರುಗಿಸಿದರೆ ನಂಟು ಕಡಿದುಕೊಂಡ ಹಾಗೆ ಎಂದು ನನಗೂ ಗೊತ್ತು. ರಸ್ತೆ ಕೆಲಸದ ಅವಸರದಲ್ಲಿ, ಇವತ್ತಿನದು ಇವತ್ತಿಗೆ ಎನ್ನುವ ದಿನಗೂಲಿಯ ಲೆಕ್ಕದಲ್ಲಿ, ಇವರು ಮುಯ್ಯಿಯನ್ನು ಕೈಸಾಲ ಮಾಡಿಕೊಂಡಿದ್ದರು. ಸಾಲಕ್ಕೆ ಗಡುವಿರುತ್ತದೆ, ಮುಯ್ಯಿಗೆ ಸಂದರ್ಭ ಬರಬೇಕು. ನನ್ನ ನಿಯಮ ಅವರ ನ್ಯಾಯದ ಎದುರು ನಿಂತದ್ದರಿಂದ ಸೋತಿತ್ತು. ಇನ್ನು ಮೀಟರ್ ಹಿಡಿದು ವಾದ ಮಾಡುವುದು ಬೇಡ, ಅವರ ನ್ಯಾಯವನ್ನೇ ಹಿಡಿದು ಮಾತಾಡುವುದು ಎಂದು ತೀರ್ಮಾನಿಸಿದೆ. ಮದುಮಗಳ ಅಪ್ಪನನ್ನು ಅವತ್ತು ತಡೆದು ನಿಲ್ಲಿಸಲಿಲ್ಲ. ಈ ಮಾತು ತಂಡದ ಎದುರಿಗೇ ಆಗಬೇಕಿತ್ತು.

ಗುರುವಾರ ನಾನು ಬರುವ ಹೊತ್ತಿಗೆ ಮೇಸ್ತ್ರಿ ತಲೆಗೆ ಟವೆಲ್ ಸುತ್ತಿ ರೇಕು ಕೈಗೆ ತೆಗೆದುಕೊಂಡಿದ್ದರು. ಪಕ್ಕದಲ್ಲಿ ಪಂಚನಹಳ್ಳಿಯವನು, ಅವನ ಕೈಯಲ್ಲೂ ರೇಕು. ಮೊದಲ ಟಿಪ್ಪರ್ ಇನ್ನೂ ಬಂದಿರಲಿಲ್ಲ. ಎಲ್ಲರನ್ನೂ ಟಾರ್ಪಾಲಿನ ಕೆಳಗೆ ಕರೆದೆ.

“ಮೇಸ್ತ್ರಿಗಳೇ, ಭಾನುವಾರ ನಾನು ಕೊಟ್ಟ ಡಬ್ಬಿ ಸೆಟ್ಟು ತಂದಿದ್ದೀರಾ?”

“ಅದ್ಯಾಕ್ ತರ್ಲಿ?” ಎಂದರು ಗಲಿಬಿಲಿಯಾಗಿ.

“ಮುಯ್ಯಿ ಅಲ್ವಾ, ತೀರಿಸೋಕೆ.”

ಒಂದಿಬ್ಬರು ಕಿಸಕ್ಕೆಂದರು. ಮೇಸ್ತ್ರಿಗೆ ತಕ್ಷಣ ಅರ್ಥವಾಯಿತು, ಮುಖ ಗಂಟಾಯಿತು. “ಅದು ಮದ್ವೆ ಮುಯ್ಯಿ. ಇದು ಆಳಿನ್ ಮುಯ್ಯಿ. ಎರ್ಡೂ ಬ್ಯಾರೆ.”

“ಸರಿ, ಆಳಿಂದೇ ಹೇಳಿ. ನಿಮ್ಮ ಹೊಲಕ್ಕೆ ಮುಯ್ಯಾಳು ಬಂದು ಕಳೆ ಕಿತ್ತರು. ನೀವು ಅವರ ಹೊಲಕ್ಕೆ ಯಾವಾಗ ಹೋಗ್ತೀರಿ, ಮಾರನೇ ದಿನಾನಾ?”

ಮೇಸ್ತ್ರಿ ತಲೆಯ ಟವೆಲ್ ಬಿಚ್ಚಿ ಮತ್ತೆ ಸುತ್ತಿಕೊಂಡರು. ಪೇವರ್ ಆಪರೇಟರ್ ಬಾಯಿ ತಡೆಯಲಾರದೆ, “ಅವ್ರ ಹೊಲದಾಗೆ ಕಳೆ ಬಂದಾಗ,” ಎಂದ.

“ಅಷ್ಟೇ. ಇವರು ನಿಮ್ಮ ಬದಲು ನಿಂತರು. ಇವರಲ್ಲಿ ಯಾರಾದರೂ ರಜೆ ಹಾಕಿದಾಗ ನೀವು ಅವರ ಬದಲು ನಿಲ್ಲಿ. ಅಷ್ಟರಲ್ಲಿ ಮೈ ಕಾವಿಗೆ ಒಗ್ಗಿರುತ್ತೆ. ಇವತ್ತೇ ತೀರಿಸ್ತೀನಿ ಅನ್ನೋದು ಮುಯ್ಯಿ ಅಲ್ಲ. ನಿಮ್ಮ ಸಹವಾಸ ಸಾಕು ಅಂದ ಹಾಗೆ.”

ತಿಥಿ ಮುಗಿಸಿ ಬಂದು ವಾಂತಿ ಮಾಡಿಕೊಂಡಿದ್ದವನು ಮೊದಲು ಬಾಯಿಬಿಟ್ಟ. “ನಂದು ಮುಂದಿನ್ ತಿಂಗ್ಳು ಅಪ್ಪನ ಮಾಸಿಕ ಐತೆ ಮೇಸ್ತ್ರಿ. ಆಗ ನಿಂತ್ಕಳಿ. ಈಗ್ ನಿಂತು ನೀವ್ ಬಿದ್ಹೋದ್ರೆ ಆಗ ನಂಗ್ಯಾರ್ ನಿಲ್ತಾರೆ?”

“ಈ ವಯಸ್ನಲ್ಲಿ ನಾನ್ ಬಾವುಟ ಹಿಡೀಲೇನೋ?” ಎಂದರು ಮೇಸ್ತ್ರಿ. ಸಿಟ್ಟಿಗಿಂತ ಅವಮಾನ ಹೆಚ್ಚಿತ್ತು ಆ ಮಾತಿನಲ್ಲಿ.

ನಾನು ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ: “ನೀವು ಬಾವುಟಕ್ಕೆ ಹೋದರೆ ಆಸ್ಪತ್ರೆಯಿಂದ ಬಂದವನೂ ಬರ್ತಾನೆ. ನಾನು ಹೇಳಿದ್ದು ಅವನ ತಲೆಗೆ ಹೋಗಲ್ಲ, ನೀವು ಮಾಡಿದ್ದು ಹೋಗುತ್ತೆ. ಇನ್ನೊಂದು ಸಲ ಬಿದ್ದರೆ ಅವನು ಏಳಲ್ಲ.”

ಅವರು ಪಂಚನಹಳ್ಳಿಯವನ ಕಡೆ ನೋಡಿದರು. ಜೋಲುವ ಅಂಗಿಯೊಳಗೆ ಅವನು ರೇಕಿನ ಮೇಲೆ ಭಾರ ಬಿಟ್ಟು ನಿಂತಿದ್ದ. ದೂರದಲ್ಲಿ ಟಿಪ್ಪರ್ ಕಂಡಿತು. ಮೇಸ್ತ್ರಿ ರೇಕನ್ನು ಇನ್ನೊಬ್ಬ ಆಳಿನ ಕೈಗೆ ಕೊಟ್ಟು, “ಬಾವುಟ ಎಲ್ಲೈತೆ?” ಎಂದರು. ಯಾರೂ ಅಳಿಯಂದ್ರು ಎನ್ನಲಿಲ್ಲ.

ಮೇಸ್ತ್ರಿ ಕೆಲಸದ ತರೀಕೆರೆ ಕಡೆಯ ತುದಿಯಲ್ಲಿ, ಪಂಚನಹಳ್ಳಿಯವನೂ ರೇಕು ಬಿಟ್ಟು ಅಜ್ಜಂಪುರದ ಕಡೆಯ ತುದಿಯಲ್ಲಿ. ಇಬ್ಬರಿಗೂ ಛತ್ರಿ, ಮಜ್ಜಿಗೆ, ಕೂರಲು ಸ್ಟೂಲು. ನಾನು ಎರಡೂ ತುದಿಗೆ ಓಡಾಡುತ್ತಿದ್ದೆ. ಹನ್ನೊಂದು ದಾಟಿದ ಮೇಲೆ ಮೇಸ್ತ್ರಿಯ ಬಾವುಟ ತಗ್ಗಿದಂತೆ ಕಂಡಿತು. ಹೋಗಿ ನೋಡಿದರೆ ಸ್ಟೂಲಿನ ಮೇಲೆ ಕೂತು ಕಣ್ಣು ಮುಚ್ಚಿದ್ದರು. ನಾಡಿ ಓಡುತ್ತಿತ್ತು. ಬಾವುಟವನ್ನು ಬೇರೊಬ್ಬನಿಗೆ ಕೊಟ್ಟು, ಟಾರ್ಪಾಲಿನ ನೆರಳಿಗೆ ನಡೆಸಿಕೊಂಡು ಹೋಗಿ, ಕತ್ತಿಗೆ, ಕೈಗೆ ಒದ್ದೆ ಬಟ್ಟೆ ಹಾಕಿದೆ. ಬಹಳ ಹೊತ್ತಿನ ಮೇಲೆ ಉಸಿರು ಹದಕ್ಕೆ ಬಂತು.

“ಬರೀ ನಿಂತಿದ್ದೆ ಮೇಡಮ್ಮೋರೆ. ಛತ್ರಿ ಬ್ಯಾರೆ ಇತ್ತು,” ಎಂದರು.

“ಹೂಂ.”

“ಒಲೆ ಬಾಯೀಲಿ ಇದ್ದಿದ್ರೆ ಇಷ್ಟೊತ್ಗೆ ಹೋಗ್ಬುಡ್ತಿದ್ದೆ.”

ನಾನು ಕತ್ತಿನ ಒದ್ದೆ ಬಟ್ಟೆಯನ್ನು ಮಗುಚಿ ಹಾಕಿದೆ. ಅವರು ಪೇವರ್ ಕಡೆಗೆ ನೋಡುತ್ತ ಕೂತರು. ಹಾಗೆ ನೋಡುತ್ತಿರುವಾಗಲೇ ಅವರ ಮುಖ ಕಿವುಚಿಕೊಂಡಿತು. “ಅವತ್ತು ಅವ್ನು ಬ್ಯಾಡ ಅಂದಿದ್ದ. ಮೇಸ್ತ್ರಿ, ಮೈಯಾಗೆ ಯಾಕೋ ಸರಿಯಿಲ್ಲ, ನಾಳಿಂದ ನಿಲ್ತೀನಿ ಅಂದ. ನಿನ್ ಮುಯ್ಯಿ ನೀನೇ ತೀರುಸ್ಬೇಕು ಕಣೋ ಅಂತ ನಾನೇ ಕಳುಸ್ದೆ,” ಎಂದು ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಗಂಡಸರು ಅಳುವಾಗ ಏನು ಮಾಡಬೇಕೆಂದು ನನಗೆ ಯಾರೂ ತರಬೇತಿ ಕೊಟ್ಟಿರಲಿಲ್ಲ. ಪಕ್ಕದಲ್ಲೇ ಕೂತೆ.

ಸುಧಾರಿಸಿಕೊಂಡ ಮೇಲೆ ಎದ್ದು, ಒಂದು ಲೋಟ ಮಜ್ಜಿಗೆ ತುಂಬಿಸಿಕೊಂಡು, ಅಜ್ಜಂಪುರದ ಕಡೆಯ ತುದಿಗೆ ನಡೆದರು. ಬೇಡವೆಂದರೆ ಕೇಳುವವರಲ್ಲ, ಛತ್ರಿ ಹಿಡಿದು ಜೊತೆಗೆ ಹೋದೆ. ಪಂಚನಹಳ್ಳಿಯವನು ಅವರನ್ನು ಕಂಡು ಸ್ಟೂಲಿನಿಂದ ಎದ್ದ.

“ಕೂತ್ಕಳೋ,” ಎಂದರು. ಲೋಟ ಅವನ ಕೈಗಿಟ್ಟರು.

“ಮೇಸ್ತ್ರಿ, ನಂಗೆ ಇನ್ನು ಒಲೆ ಬಾಯಿ ಆಯ್ತದೋ ಇಲ್ವೋ. ಡಾಕ್ಟ್ರು ಗ್ಯಾರಂಟಿ ಇಲ್ಲ ಅಂದವ್ರೆ. ನನ್ ಮುಯ್ಯಿ ಎಂಗ್ ತೀರುಸ್ಲಿ?”

ಮೇಸ್ತ್ರಿ ಅವನ ಹೆಗಲ ಮೇಲೆ ಕೈ ಇಟ್ಟರು.

“ಅದು ನನ್ ತಾವ ಇರ್ಲಿ ಕಣೋ,” ಎಂದರು. “ನಾನಿರೋಗಂಟ ತೀರುಸ್ಬ್ಯಾಡ.”